ಬಿಸಿಲು, ಕೆಸರು, ಚರ್ಮ

ಅಂಜನಾಪುರ ಡ್ಯಾಮಿನ ನೀರು ಗದ್ದೆಗೆ ಬಂತು. ನಾಟಿ ಶುರುವಾಯಿತು. ಅತ್ತೆ, ಸೊಸೆ ದಿನವಿಡೀ ಕೆಸರಿನಲ್ಲಿ ದುಡಿದರು.

ಸೊಸೆ ಸಂತೆಯಿಂದ ಕ್ರೀಮು ತಂದಳು.

"ಮುಖ ಬೆಳ್ಳಗಾಗುತ್ತಂತೆ ಅತ್ತೆ."

"ಬೇಡ ಕಣೆ. ಪಕ್ಕದ ಮನೆಯವಳು ಇಂಥದ್ದೇ ಹಚ್ಚಿ ಮುಖ ಕೆಂಪು ಮಾಡ್ಕೊಂಡ್ಲು."

ಅತ್ತೆಯ ಮಾತು ನಿಜ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಕಿಡ್ನಿಗೆ ಕೆಟ್ಟದ್ದು. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದರಿಂದ ಚರ್ಮ ತೆಳುವಾಗುತ್ತದೆ.

ಬಿಸಿಲಿಗೆ ಚರ್ಮ ಬೇಗ ಸುಕ್ಕಾಗುತ್ತದೆ. ಗದ್ದೆಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿ. ಸೀರೆ ಮೇಲೆ ತುಂಬುತೋಳಿನ ಅಂಗಿ ಹಾಕಿ. ಸಂಜೆ ಕಾಲು ತೊಳೆದು ಬೆರಳ ಸಂದು ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸಾಕು.

ರಾತ್ರಿ ಸೊಸೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚಿದಳು. ಒಂದು ಬಿಳಿಚಿದ ಮಚ್ಚೆ ಕಂಡಿತು.

"ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ ಅತ್ತೆ?"

"ಇಲ್ಲ ಕಣೆ. ನೋವೂ ಇಲ್ಲ, ತುರಿಕೆನೂ ಇಲ್ಲ. ಇರಲಿ ಬಿಡು."

ಬಿಡಬಾರದು. ಮುಟ್ಟಿದರೆ ಗೊತ್ತಾಗದ ಮಚ್ಚೆ ಕುಷ್ಠರೋಗದ ಗುರುತು ಇರಬಹುದು. ಅದು ಶಾಪವಲ್ಲ. ರೋಗಾಣುವಿನಿಂದ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. 6 ಅಥವಾ 12 ತಿಂಗಳು, ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ನುಂಗಿದರೆ ಗುಣವಾಗುತ್ತದೆ. ತಡ ಮಾಡಿದರೆ ಕೈಕಾಲು ಊನವಾಗಬಹುದು.

"ನಾಳೆ ನಾಟಿ ಇದೆಯಲ್ಲೇ?" ಅಂದರು ಅತ್ತೆ.

"ನಾಟಿ ನಾಡಿದ್ದು ಮಾಡೋಣ. ನಾಳೆ ಶಿಕಾರಿಪುರದ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."