ಪವಿತ್ರ ಸ್ಥಳದಲ್ಲಿ ನಾವು ಕಾಣುವುದೇನು?

ಗಡ್ಡಾ ಯಾತ್ರೆ ಮುಗಿದ ಮರುವಾರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಮೆಲ್ಲಗೆ ಹೇಳಿದ: "ಸರ್, ಸಿದ್ಧೇಶ್ವರ ಗುಡಿಗೆ ಹೋಗಿದ್ದೆರಿ. ಅವ್ವ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ಲು. ನನಗ ಮಾತ್ರ ಏನೂ ಅನಿಸಲಿಲ್ಲರಿ. ನಂದು ತಪ್ಪೇನ್ರಿ?"

ತಪ್ಪಲ್ಲ. ಇದು ಪ್ರಾಮಾಣಿಕವಾದ ಪ್ರಶ್ನೆ. ನಾವೆಲ್ಲರೂ ಕೂಡಿ ಉತ್ತರ ಹುಡುಕೋಣ.

ಮೊದಲು ದೂರದ ಉದಾಹರಣೆ ನೋಡೋಣ. ಯೆಹೂದಿಗಳ ಹೀಬ್ರೂ ಭಾಷೆಯಲ್ಲಿ ಪವಿತ್ರವಾದುದನ್ನು 'ಕಾದೋಶ್' ಎನ್ನುತ್ತಾರೆ. 'ಬೇರೆಯಾಗಿ ಇರಿಸಿದ್ದು' ಎಂಬ ಅರ್ಥವೂ ಅದಕ್ಕುಂಟು. ಉರಿಯುವ ಪೊದೆಯ ಮುಂದೆ ಮೋಶೆಗೆ ಕೆರ ಕಳಚುವಂತೆ ದೇವವಾಣಿಯಾಯಿತೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಅದು ಗುಡಿಯಲ್ಲ, ಕುರಿ ಮೇಯಿಸುವ ಅಡವಿ! ಜೆರೂಸಲೇಮಿನ ಅವರ ಮಹಾದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಅದರ ಪ್ರಾಕಾರಕ್ಕೆ ಆಸರೆಯಾಗಿದ್ದ ಪಶ್ಚಿಮದ ಗೋಡೆಯ ಮುಂದೆ ಇಂದಿಗೂ ಜನ ಪ್ರಾರ್ಥಿಸುತ್ತಾರೆ. ಬೇಡಿಕೆಯ ಚೀಟಿಗಳನ್ನು ಕಲ್ಲುಸಂದಿಯಲ್ಲಿ ಇಡುತ್ತಾರೆ.

ದೇವಾಲಯ ಹೋದರೂ ಪಾವಿತ್ರ್ಯ ಉಳಿಯಿತು. ಹೇಗೆಂದರೆ, ಸ್ಥಳದಂತೆ ಕಾಲವೂ ಅವರಿಗೆ ಪವಿತ್ರ. ನಮ್ಮ ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದಿಗಳು ಗಾಣ ಹೂಡಿ ಬದುಕಿದವರು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಆದ್ದರಿಂದಲೇ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು.

ಈಗ ನಮ್ಮ ಸೊಲ್ಲಾಪುರಕ್ಕೆ ಬರೋಣ. 12ನೆಯ ಶತಮಾನದಲ್ಲಿ ಇದು ಸೊನ್ನಲಿಗೆ. ಸಿದ್ಧರಾಮೇಶ್ವರರು ಇಲ್ಲಿ ಕೆರೆ ತೋಡಿಸಿದರು. 68 ಲಿಂಗಗಳನ್ನು ಸ್ಥಾಪಿಸಿದರು. ಸಂಕ್ರಾಂತಿಯಲ್ಲಿ ಏಳು ನಂದಿಧ್ವಜಗಳು ಸಾಗುವುದು ಈ ಲಿಂಗಗಳ ಪ್ರದಕ್ಷಿಣೆಗಾಗಿಯೇ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗ 'ಶೂನ್ಯಸಂಪಾದನೆ'ಯಲ್ಲಿದೆ. ಹೊರಗೆ ಕಟ್ಟಿದ್ದಾಯಿತು, ಒಳಗೆ ಏನಾಯಿತು ಎಂಬುದೇ ಪ್ರಭುಗಳ ಪ್ರಶ್ನೆಯ ತಿರುಳು. ಸಿದ್ಧರಾಮರು ಸಿಟ್ಟಾದರು, ಆಮೇಲೆ ಯೋಚಿಸಿದರು, ಕೊನೆಗೆ ಕಲ್ಯಾಣದ ಶರಣರನ್ನು ಕೂಡಿದರು. 'ಕಪಿಲಸಿದ್ಧ ಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಕನ್ನಡ ವಚನಗಳನ್ನು ಬರೆದರು. ಕಟ್ಟಿದವರಿಗೇ ಒಳಗಣ್ಣು ತೆರೆಯಲು ಸಮಯ ಬೇಕಾಯಿತು. ಹಾಗಿರುವಾಗ ನಮ್ಮ ವಿದ್ಯಾರ್ಥಿ ಒಂದೇ ಭೇಟಿಗೆ ಎದೆಗುಂದುವುದೇಕೆ?

ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರು ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿ 1878ರಲ್ಲಿ ಸಮಾಧಿಸ್ಥರಾದರು. ಅಲ್ಲಿಯ ಆಲದಮರದ ಬಳಿ ಕುಳಿತು ಕೆಲವರು ಜಪ ಮಾಡುತ್ತಾರೆ. ಕೆಲವರು ಅನ್ನಛತ್ರದಲ್ಲಿ ಬಡಿಸುತ್ತಾರೆ. ಇಬ್ಬರದೂ ಪೂಜೆಯೇ.

ವಿದ್ಯಾರ್ಥಿಗಳೇ, ಮುಂದಿನ ಸಲ ಏನಾದರೂ ಅನಿಸಲೇಬೇಕೆಂದು ಹಟ ಹಿಡಿಯಬೇಡಿರಿ. ಕೆರೆಯ ದಂಡೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಈ ನೀರಿಗಾಗಿ ಮಣ್ಣು ಹೊತ್ತವರನ್ನು ನೆನೆಯಿರಿ. ಕಸ ಕಂಡರೆ ಎತ್ತಿರಿ, ಮುದುಕರಿಗೆ ದಾರಿ ಬಿಡಿರಿ. ಪಾಲಕರಲ್ಲಿ ಒಂದು ವಿನಂತಿ: ಮಗು "ಏನೂ ಅನಿಸಲಿಲ್ಲ" ಎಂದರೆ ಗದರಿಸಬೇಡಿರಿ. ನಿಮಗೆ ಏನನಿಸಿತೆಂಬುದನ್ನು ಹೇಳಿರಿ.

ಅಭ್ಯಾಸ: ನಿಮ್ಮ ಮನೆಯ ಹಿರಿಯರಿಗೆ ಪವಿತ್ರವೆನಿಸುವ ಒಂದು ಸ್ಥಳ ಯಾವುದು? ಏಕೆ? ಕೇಳಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.