ಉದ್ಯಾನದಲ್ಲೊಂದು ಭಾನುವಾರ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಒಂದು ಸಣ್ಣ ಉದ್ಯಾನ. ಅದರ ವಿಸ್ತಾರ ಒಂದು ಎಕರೆಗೂ ಕಡಿಮೆ. ಸುತ್ತಲೂ ಕಬ್ಬಿಣದ ಬೇಲಿ, ಒಳಗೆ ನಾಲ್ಕಾರು ಹೊಂಗೆಯ ಮರಗಳು, ಮೂಲೆಯಲ್ಲಿ ಒಂದು ಮುದಿ ನೇರಳೆ ಮರ, ಅದರ ಬುಡದಲ್ಲಿ ಕಲ್ಲುಬೆಂಚು. ಉಯ್ಯಾಲೆಯ ಸರಪಳಿ ಕಡಿದು ಎಷ್ಟೋ ಕಾಲವಾಗಿತ್ತು. ಮುಂಗಾರು ಮಳೆ ಬಿದ್ದ ಮೇಲೆ ಮಕ್ಕಳು ಆಡುತ್ತಿದ್ದ ಬಯಲಿನ ತುಂಬ ಸೊಂಟದೆತ್ತರ ಕಳೆ ಬೆಳೆದು ನಿಂತಿತ್ತು. ಬಡಾವಣೆಯ ಜನರು ಬೇಲಿಯ ಹೊರಗಿನ ರಸ್ತೆಯಲ್ಲೇ ಬೆಳಗಿನ ಸಂಚಾರವನ್ನು ಮುಗಿಸಿಕೊಂಡು ಹೋಗುತ್ತಿದ್ದರು.

ಜುಲೈ ತಿಂಗಳ ಒಂದು ಭಾನುವಾರ, ಸೂರ್ಯನು ಇನ್ನೂ ಮನೆಗಳ ಮಾಳಿಗೆಯನ್ನು ದಾಟಿರಲಿಲ್ಲ. ಸಮೀಪದ ಕಾಲೇಜಿನ ಮೂವತ್ತು ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರು ಗುದ್ದಲಿ, ಪೊರಕೆ, ಮಂಕರಿ, ಗೋಣಿಚೀಲಗಳೊಡನೆ ಆ ಉದ್ಯಾನದ ಬಾಗಿಲಿಗೆ ಬಂದರು. ಅವರೆಲ್ಲರೂ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಕ್ಷಣಕಾಲ ನಿಂತು, "ಇದಕ್ಕೆಲ್ಲ ಕೂಲಿಯವರಿಲ್ಲವೇನಪ್ಪಾ? ಓದುವ ಹುಡುಗರು ನೀವು" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಕನಿಕರವೇ ಇತ್ತು. ಆದರೂ ಆ ಪ್ರಶ್ನೆಗೆ ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ.

ಈ ಪ್ರಶ್ನೆ ಹಳೆಯದು. 1901ರಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಗಾಂಧೀಜಿಯವರು ಅಲ್ಲಿನ ಪಾಯಖಾನೆಗಳ ಹೊಲಸನ್ನು ಕಂಡು ಸ್ವಯಂಸೇವಕರಿಗೆ ತೋರಿಸಿದರು. ಅದು ತಮ್ಮ ಕೆಲಸವಲ್ಲ, ಜಾಡಮಾಲಿಗಳ ಕೆಲಸ ಎಂದು ಆ ತರುಣರು ಹೇಳಿದರು. ಗಾಂಧೀಜಿ ಪೊರಕೆಯನ್ನು ಕೇಳಿ ಪಡೆದು, ತಾವು ಬಳಸುವಷ್ಟು ಸ್ಥಳವನ್ನು ತಾವೇ ಶುಚಿ ಮಾಡಿಕೊಂಡರು. ನೆರೆದಿದ್ದ ಜನಸಂದಣಿಗೆ ಒಬ್ಬರು ಮಾಡಿದ ಕೆಲಸ ಏನೇನೂ ಸಾಲದೆಂಬುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯು ಪ್ರಾರಂಭವಾದುದು ಅದೇ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಅವರು. ಮೊದಲಿಗೆ 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳು ಇದಕ್ಕೆ ಸೇರಿದರು. ಕೋನಾರ್ಕದ ಸೂರ್ಯದೇವಾಲಯದ ರಥಚಕ್ರ ಈ ಯೋಜನೆಯ ಲಾಂಛನ. 'ನನಗಲ್ಲ, ನಿನಗೆ' ಎಂಬುದು ಇದರ ಧ್ಯೇಯವಾಕ್ಯ. ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕೆಂಬುದು ನಿಯಮ. ಆ ಗಂಟೆಗಳ ಲೆಕ್ಕಕ್ಕಾಗಿಯೇ ಅಂದು ಬಂದವರೂ ಇಲ್ಲದಿರಲಿಲ್ಲ.

ಹಾಜರಿ ಮುಗಿದೊಡನೆ ಹುಡುಗರು ಉತ್ಸಾಹದಿಂದ ಕಳೆಯ ಮೇಲೆ ಬಿದ್ದರು. ಮಳೆಯಿಂದ ನೆಲ ಮೆದುವಾಗಿತ್ತು. ಹಿಡಿದೆಳೆದರೆ ಗಿಡ ಬೇರುಸಹಿತ ಬರುತ್ತಿತ್ತು. ಹತ್ತು ನಿಮಿಷ ಕಳೆದಿರಬಹುದು, ಉದ್ಯಾನದ ಮಾಲಿ ನೀರಿನ ಕೊಳವೆಯನ್ನು ಕೆಳಗೆಸೆದು ಓಡಿಬಂದನು. ಅರವತ್ತರ ಸಮೀಪದ ಕೃಶ ಶರೀರ, ತಲೆಗೆ ಟವೆಲು ಸುತ್ತಿದ್ದನು.

"ಬರಿಗೈಲಿ ಮುಟ್ಟಬೇಡಿ ಮಕ್ಕಳೇ! ಅದು ಕಾಂಗ್ರೆಸ್ ಗಿಡ" ಎಂದು ಕೂಗಿದನು.

ಅವನ ಮಾತು ಸುಳ್ಳಲ್ಲ. ಪಾರ್ಥೇನಿಯಂ ಎಂಬುದು ಈ ಕಳೆಯ ಸಸ್ಯಶಾಸ್ತ್ರೀಯ ನಾಮ. ಗಜ್ಜರಿಯ ಎಲೆಯನ್ನು ಹೋಲುವ ಎಲೆ, ತುದಿಯಲ್ಲಿ ಅಕ್ಕಿಯ ನುಚ್ಚನ್ನು ಚೆಲ್ಲಿದಂತಹ ಬಿಳಿಯ ಹೂ. ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಈ ಗಿಡವು ಕೆಲವೇ ವರ್ಷಗಳಲ್ಲಿ ದೇಶದ ಬಹುಭಾಗವನ್ನು ಆಕ್ರಮಿಸಿತು. ಒಂದೇ ಗಿಡ 10,000ಕ್ಕೂ ಮಿಕ್ಕು ಬೀಜಗಳನ್ನು ಉದುರಿಸಬಲ್ಲುದು. ಪದೇ ಪದೇ ಮುಟ್ಟಿದವರಲ್ಲಿ ಕೆಲವರಿಗೆ ಚರ್ಮದ ಮೇಲೆ ತುರಿಯೂ ಗುಳ್ಳೆಯೂ ಏಳುತ್ತವೆ. ಪರಾಗವು ಮೂಗಿಗೆ ಸೇರಿದರೆ ಸೀನು, ಉಬ್ಬಸಗಳು ಬಾಧಿಸುತ್ತವೆ. ಇದರಲ್ಲಿ ಒಂದು ಮೋಸವೂ ಉಂಟು. ತುರಿ ಕೂಡಲೇ ಕಾಣಿಸಿಕೊಳ್ಳದೆ ಒಂದೆರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ, ಕಿತ್ತವನು ತನಗೇನೂ ಆಗಲಿಲ್ಲವೆಂದು ಭ್ರಮಿಸುತ್ತಾನೆ.

ಮಾಲಿ ಒಂದು ಎಲೆಯನ್ನು ಕೋಲಿನಿಂದ ಮೇಲೆತ್ತಿ ತೋರಿಸಿದನು. ಅದು ಜರಡಿಯಂತೆ ತೂತಾಗಿತ್ತು. ಅದರ ಮೇಲೆ ಬಿಳಿಯ ಬೆನ್ನಿನ ಮೇಲೆ ಕಂದು ಗೆರೆಗಳಿದ್ದ ಪುಟ್ಟ ಜೀರುಂಡೆಯೊಂದು ಕುಳಿತಿತ್ತು. "ಇದು ಮಾತ್ರ ನಮ್ಮ ಕಡೆಯದು" ಎಂದು ಅವನು ನಕ್ಕನು. ವಿಜ್ಞಾನಿಗಳು ಮೆಕ್ಸಿಕೋ ದೇಶದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆಗಳ ಸಂತತಿ ಅದು. ಅದರ ಚರಿತ್ರೆಯನ್ನು ಮಾಲಿ ಅರಿಯನು. ಆದರೆ ಅದು ಯಾವ ಗಿಡವನ್ನು ತಿನ್ನುತ್ತದೆ, ಮಳೆಗಾಲದಲ್ಲಿ ಹೇಗೆ ಹೆಚ್ಚುತ್ತದೆ, ಬೇಸಗೆಯಲ್ಲಿ ಹೇಗೆ ಮಾಯವಾಗುತ್ತದೆ ಎಂಬುದನ್ನೆಲ್ಲ ಕಣ್ಣಾರೆ ಕಂಡಿದ್ದನು.

ಅಂಗಡಿಯಿಂದ ರಬ್ಬರಿನ ಕೈಗವಸುಗಳು ಬಂದವು. ಹೂ ಬಿಡದ ಗಿಡಗಳನ್ನು ಒಂದೆಡೆ, ಹೂ ಬಿಟ್ಟವನ್ನು ಬೀಜ ಉದುರದಂತೆ ತಲೆಕೆಳಗಾಗಿ ಚೀಲದೊಳಗೆ ಹಾಕಬೇಕೆಂದು ಮಾಲಿ ಕಲಿಸಿಕೊಟ್ಟನು. ಕಲಿಸುತ್ತ ಕಲಿಸುತ್ತ ತಾನೂ ಬಾಗಿ ಕೀಳತೊಡಗಿದನು. ಆಗ ಒಬ್ಬ ವಿದ್ಯಾರ್ಥಿನಿಯ ದೃಷ್ಟಿ ಅವನ ಮುಂಗೈಗಳ ಮೇಲೆ ಬಿತ್ತು. ಆ ಚರ್ಮ ಕಪ್ಪಾಗಿ, ದಪ್ಪಗಾಗಿ, ಮರದ ತೊಗಟೆಯಂತೆ ಬಿರಿದಿತ್ತು.

"ತಾತ, ನಿಮಗೆ ಕೈಗವಸು?"

"ನಮಗೆ ಯಾರು ಕೊಡ್ತಾರವ್ವಾ? ಅಭ್ಯಾಸ ಆಗಿಹೋಗಿದೆ ಬಿಡು."

ಅವಳು ತನ್ನ ಕೈಗವಸುಗಳನ್ನು ಕಳಚಿ ಕೊಡಲು ಹೋದಳು. ಅವನು ಒಪ್ಪಲಿಲ್ಲ. ಅವಳು ಗೋಣಿಯ ಚೂರೊಂದನ್ನು ಕೈಗೆ ಸುತ್ತಿಕೊಂಡು, ಕೈಗವಸುಗಳನ್ನು ಕಲ್ಲುಬೆಂಚಿನ ಮೇಲೆ ಇಟ್ಟುಬಿಟ್ಟಳು. ಬಹಳ ಹೊತ್ತು ಅವು ಅಲ್ಲಿಯೇ ಇದ್ದವು.

ಉಳಿದ ಕಸದ ವಿಚಾರ ಹೆಚ್ಚು ಹೇಳುವಂತಹುದಲ್ಲ. ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಷೇಧಿಸಿದ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳು ಬೇಲಿಯುದ್ದಕ್ಕೂ ಸಿಕ್ಕವು. ಕಾಲೇಜಿನ ಎದುರಿನ ತಿಂಡಿಯಂಗಡಿಯ ಹೆಸರಿದ್ದ ಪೊಟ್ಟಣಗಳೂ ಅವುಗಳ ನಡುವೆ ಇದ್ದವು. ಅವನ್ನು ಹೆಕ್ಕುವಾಗ ಹುಡುಗರ ಹರಟೆ ಸ್ವಲ್ಪ ತಗ್ಗಿತು.

ಒಂದು ವಿಷಯದಲ್ಲಿ ಮಾತ್ರ ಮಾಲಿಗೂ ವಿದ್ಯಾರ್ಥಿಗಳಿಗೂ ಮತಭೇದ ಉಂಟಾಯಿತು. ಬೇಸಗೆಯಲ್ಲಿ ಉದುರಿದ ಹೊಂಗೆಯ ಎಲೆಗಳ ರಾಶಿಗೆ ಅವನು ಬೆಂಕಿಕಡ್ಡಿ ಗೀರಲು ಹೊರಟಾಗ ಅವರು ತಡೆದರು. ತೆರೆದ ಸ್ಥಳದಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆಯೆಂದು ಒಬ್ಬನು ಹೇಳಿದನು. "ನಿಯಮ ಸರಿಯಪ್ಪಾ, ರಾಶಿಯನ್ನು ಒಯ್ಯುವವರು ಯಾರು?" ಎಂದು ಮಾಲಿ ಕೇಳಿದನು. ಅದಕ್ಕೆ ಬಾಯಿಮಾತಿನ ಉತ್ತರ ಸಾಲದಾಯಿತು. ಮೂರಡಿ ಆಳದ ಗುಂಡಿಯನ್ನು ತೋಡಿ, ಒಣ ಎಲೆಯ ಪದರ, ಹೂವಿಲ್ಲದ ಹಸಿ ಕಳೆಯ ಪದರ, ಸಗಣಿನೀರು, ತೆಳ್ಳಗೆ ಮಣ್ಣು ಹೀಗೆ ತುಂಬುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಂಗೈಗಳಲ್ಲಿ ಬೊಬ್ಬೆಗಳೆದ್ದವು. ಸಾಯಂಕಾಲದ ವೇಳೆಗೆ ಉದ್ಯಾನದಲ್ಲಿ ಹತ್ತಾರು ಮಕ್ಕಳು ಆಡುತ್ತಿದ್ದರು.

ಮೂರು ವಾರಗಳ ತರುವಾಯ ನೋಡಿದರೆ, ಬಯಲಿನ ತುಂಬ ಮತ್ತೆ ಬೆರಳುದ್ದದ ಸಸಿಗಳು! ಮಣ್ಣಿನಲ್ಲಿ ಹುದುಗಿದ್ದ ಬೀಜಗಳು ಮೊಳೆತಿದ್ದವು. ಆ ಭಾನುವಾರದ ಕೆಲಸಕ್ಕೆ ಹಾಜರಿ ಪುಸ್ತಕವಿರಲಿಲ್ಲ, ಗಂಟೆಗಳ ಲೆಕ್ಕವೂ ಇರಲಿಲ್ಲ. ಬಂದವರು ಹನ್ನೊಂದು ಮಂದಿ. ಮೊದಲ ದಿನ ಕನಿಕರಪಟ್ಟಿದ್ದ ಹಿರಿಯರು ಮೊಮ್ಮಗನ ಕೈಹಿಡಿದು ಒಳಗೆ ಬಂದು, ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಒಂದು ಖಾಲಿ ಚೀಲದ ಬಾಯನ್ನು ಅಗಲಿಸಿ ಹಿಡಿದರು.

ಮಾಲಿ ಗುಂಡಿಯ ಬಳಿ ಇದ್ದನು. ಎಲೆಗಳು ಕುಗ್ಗಿ ಒಂದಡಿ ಕೆಳಗಿಳಿದಿದ್ದವು. ಗುದ್ದಲಿಯಿಂದ ಅವುಗಳನ್ನು ತಿರುವಿದಾಗ ಬಿಸಿ ಹಬೆ ಮೇಲಕ್ಕೆದ್ದಿತು. ಆ ಕೈಗವಸುಗಳು ಅವನ ಸೊಂಟದ ದಾರಕ್ಕೆ ಸಿಕ್ಕಿಸಿದ್ದವು.

"ಹಾಕಿಕೊಂಡಿಲ್ಲವೇಕೆ, ತಾತ?" ಎಂದು ಆ ವಿದ್ಯಾರ್ಥಿನಿ ಕೇಳಿದಳು.

"ಇದನ್ನು ಹಾಕಿಕೊಂಡರೆ ಗುದ್ದಲಿಯ ಹಿಡಿ ಜಾರುತ್ತದವ್ವಾ. ಕಾಂಗ್ರೆಸ್ ಗಿಡಕ್ಕೆ ಮಾತ್ರ ಹಾಕಿಕೊಳ್ಳುತ್ತೇನೆ" ಎಂದು ಅವನು ಗುದ್ದಲಿಯನ್ನು ಕೆಳಗಿಟ್ಟು, ಕೈಗವಸುಗಳನ್ನು ಒಂದೊಂದಾಗಿ ತೊಟ್ಟುಕೊಂಡು, ಸಸಿಗಳಿದ್ದ ಬಯಲಿನ ಕಡೆಗೆ ನಡೆದನು.