ಮುಖದ ಆರೈಕೆ: ನಾನು ಕಲಿತ ಪಾಠ

ಅಕ್ಕನ ಮದುವೆಗೆ ಬೆಳ್ಳಗೆ ಕಾಣಬೇಕೆಂದು ಯಾರದೋ ಮಾತು ಕೇಳಿ ಒಂದು ಟ್ಯೂಬ್ ಕ್ರೀಮ್ ತಂದು ಹಚ್ಚಿಕೊಂಡೆ. ಮೊದಲ ವಾರಗಳಲ್ಲಿ ಮುಖ ಹೊಳೆಯಿತು. ಬಿಟ್ಟ ಕೂಡಲೇ ಕೆಂಪಾಗಿ ಉರಿಯತೊಡಗಿತು, ಮೊಡವೆಗಳೂ ಎದ್ದವು. ಟ್ಯೂಬ್ ನೋಡಿದ ವೈದ್ಯರು, "ಇದು ಸ್ಟೆರಾಯ್ಡ್ ಕಣಮ್ಮ" ಎಂದರು.

ಬೆಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೆರಾಯ್ಡ್‌ಗಳನ್ನು ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ಆದೇಶಿಸಿತು. ಕೆಲವು ಬಿಳುಪಿನ ಕ್ರೀಮ್‌ಗಳಲ್ಲಿ ಪಾದರಸವೂ ಇರುತ್ತದೆ. ಅದರಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳಕಿಗೆ ಬಂದವು.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ನಮ್ಮನ್ನು ಕಾಯುತ್ತದೆ. ಅಲ್ಲಾಹನು ಕೊಟ್ಟ ಆ ಬಣ್ಣವನ್ನು ಅಳಿಸಲು ಹೋಗದೆ, ಈಗ ನಾನು ಇಷ್ಟೇ ಮಾಡುತ್ತೇನೆ:

1. ದಿನಕ್ಕೆರಡು ಬಾರಿ ಮಾತ್ರ ಮೃದುವಾದ ಸೋಪು. ವುಝೂ ಮಾಡುವಾಗ ಬರೀ ನೀರು ಸಾಕು. ಟವೆಲಿನಿಂದ ಉಜ್ಜದೆ ಮೆಲ್ಲಗೆ ಒತ್ತಿ ಒರೆಸುತ್ತೇನೆ.
2. ಮಳವಳ್ಳಿ, ಮದ್ದೂರು ಕಡೆಯಿಂದ ಬರುವ ಗೆಳತಿಯರಂತೆ ನಾನೂ ಬಿಸಿಲಲ್ಲಿ ಬಸ್ಸಿಗೆ ಕಾಯುವವಳೇ. ಕೊಡೆ ಹಿಡಿಯುತ್ತೇನೆ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚುತ್ತೇನೆ.
3. ಮೊಡವೆ ಹಿಸುಕುವುದಿಲ್ಲ, ಕಲೆ ಉಳಿಯುತ್ತದೆ. ನಿಂಬೆರಸ, ಟೂತ್‌ಪೇಸ್ಟ್ ಮುಖಕ್ಕೆ ಮುಟ್ಟಿಸುವುದಿಲ್ಲ.
4. ದಿಂಬಿನ ಕವರು, ಟವೆಲನ್ನು ವಾರಕ್ಕೊಮ್ಮೆಯಾದರೂ ಒಗೆಯುತ್ತೇನೆ.

ನಿಮ್ಮಲ್ಲಿ ಯಾರಾದರೂ ಅಂಥ ಕ್ರೀಮ್ ಹಚ್ಚುತ್ತಿದ್ದರೆ ನಾಚಿಕೆಪಡದೆ ಟ್ಯೂಬ್ ಸಮೇತ ಚರ್ಮದ ವೈದ್ಯರ ಬಳಿ ಹೋಗಿ. ಮದುವೆಯ ಫೋಟೋಗಳಲ್ಲೆಲ್ಲ ನಾನು ದುಪಟ್ಟಾದಲ್ಲಿ ಮುಖ ಮರೆಸಿಕೊಂಡೇ ನಿಂತಿದ್ದೇನೆ.